ಅಪ್ಪನ ಮೇಲೆ ಹಾಕಿದ ದಾವೆ

ನಮ್ಮಪ್ಪ ದಾವಣಗೆರೆಯಲ್ಲಿ ನೂಲಿನ ವ್ಯಾಪಾರ ಮಾಡುತ್ತಿದ್ದರು. ಒಂದು ಬೀಡಿಯನ್ನೂ ಸೇದಿದವರಲ್ಲ. ಸುತ್ತಲ ಹಳ್ಳಿಗಳ ಮಗ್ಗದವರಿಗೆ ಉದ್ರಿ ಕೊಟ್ಟ ನೂಲಿನ ದುಡ್ಡು ವಾಪಸು ಬರಲಿಲ್ಲ, ಮೇಲಿಂದ ದರವೂ ಬಿತ್ತು. ಅಂಗಡಿ ಉಳಿಸಿಕೊಳ್ಳಲು ಮನೆಯನ್ನು ಸಾಹುಕಾರರೊಬ್ಬರಿಗೆ ಅಡಮಾನ ಬರೆದುಕೊಟ್ಟರು. ಬಡ್ಡಿ ನಿಂತಾಗ ಸಾಹುಕಾರರು ಕೋರ್ಟಿನಿಂದ ಡಿಕ್ರಿ ತಂದರು. ಮನೆ ಹರಾಜಿಗಿದೆ ಎಂದು ಕೋರ್ಟಿನ ಅಮೀನ ನಮ್ಮ ಬಾಗಿಲಿಗೆ ನೋಟೀಸು ಅಂಟಿಸಿ ಹೋದ.

ಆಗ ನಾನು ಹರಿಹರದ ಕಾರ್ಖಾನೆಯೊಂದಕ್ಕೆ ಹೊಸದಾಗಿ ಸೇರಿದ್ದೆ. ರಜೆ ಹಾಕಿ ಅಪ್ಪನ ಜೊತೆ ವಕೀಲರನ್ನು ಹುಡುಕುತ್ತ ಅಲೆದೆ. ಒಬ್ಬರು ಸಾಹುಕಾರರ ಹೆಸರು ಕೇಳಿದ್ದೇ ಕಾಗದ ವಾಪಸು ಕೊಟ್ಟರು. "ಅವ್ರು ನಮ್ಮ ಹಳೇ ಕಕ್ಷಿದಾರ್ರು, ಬ್ಯಾಡ್ರಿ" ಎಂದರು. ಇನ್ನೊಬ್ಬರು ಮಧ್ಯಾಹ್ನದವರೆಗೆ ಹೊರಗೆ ಕೂಡಿಸಿ, ಪುರುಸೊತ್ತಿಲ್ಲವೆಂದು ಗುಮಾಸ್ತನಿಂದ ಹೇಳಿಸಿದರು. ಕೊನೆಗೆ ನನ್ನ ಜೊತೆ ಕೆಲಸ ಮಾಡುವವನೊಬ್ಬ ಹರಿಹರದ ವಕೀಲರೊಬ್ಬರ ಮನೆ ತೋರಿಸಿದ.

ಅವರು "ಬರ್ರಿ, ಕೂಡ್ರಿ" ಎಂದು ಮರ್ಯಾದೆಯಿಂದಲೇ ಕರೆದರು. ಅದಕ್ಕೇ ನಮ್ಮ ಜೀವ ಅರ್ಧ ಹಗುರಾಯಿತು. ಕಾಗದಗಳನ್ನೆಲ್ಲ ಓದಿ ಕೇಳಿದರು:

"ಪಿತ್ರಾರ್ಜಿತ ಮನೆ, ಹೌದಲ್ರಿ?"

"ಹೌದ್ರಿ, ನಮ್ಮಪ್ಪ ಕಟ್ಟಿಸಿದ್ದು" ಎಂದರು ಅಪ್ಪ.

"ಹಂಗಾದ್ರ ನಿಮ್ಮ ಮಗನ ಪಾಲು ಉಳಿಸಾಕ ಒಂದು ದಾರಿ ಐತೆ. ಸಾಲ ಕೆಟ್ಟ ಚಟಕ್ಕ ಮಾಡಿದ್ದು ಅಂತ ಮಗ ನಿಮ್ಮ ಮ್ಯಾಲೆ ದಾವೆ ಹಾಕಬೇಕು. ಕುಡಿತ, ಇಸ್ಪೀಟು, ಹೆಂಗಸು, ಹಿಂಗ."

"ಅವ್ರಿಗೆ ಯಾವ ಚಟಾನೂ ಇಲ್ರಿ" ಎಂದೆ.

ವಕೀಲರು ನನ್ನ ಕಡೆ ನೋಡಲಿಲ್ಲ. "ವ್ಯಾಪಾರದ ಸಾಲ ಅಂದ್ರ ಮನೆ ಪೂರ್ತಿ ಹೋಗ್ತೈತಿ. ಚಟದ ಸಾಲಕ್ಕ ಮಗನ ಪಾಲು ಮುಟ್ಟಾಕ ಬರಂಗಿಲ್ಲ. ವಿಚಾರ ಮಾಡ್ರಿ ಯಜಮಾನ್ರೆ."

ಅಪ್ಪ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಬರ್ಕಳ್ರಿ. ಹುಡುಗ್ರಿಗೆ ಸೂರು ಉಳಿದ್ರ ಸಾಕು."

ನಾನು ವಕಾಲತ್ತಿಗೆ ಸಹಿ ಹಾಕಿದೆ. ಅವ್ವನ ಬಳೆ ಫೀಸಿಗೆ ಹೋದವು. ದಾವೆಯಲ್ಲಿ ಏನು ಬರೆದಿದ್ದಾರೆ ಓದು ಎಂದು ಅವ್ವ ಕೇಳಿದಾಗ, ಅಪ್ಪ ಒಬ್ಬಾಕೆಯನ್ನು ಇಟ್ಟುಕೊಂಡಿದ್ದರೆಂಬ ಸಾಲನ್ನು ಬಿಟ್ಟು ಓದಿದೆ. ಆ ಹೆಂಗಸನ್ನು ವಕೀಲರೇ ಹುಟ್ಟಿಸಿದ್ದರು.

ಕೋರ್ಟಿನಲ್ಲಿ ಪ್ರಮಾಣ ಮಾಡಿಸಿದ ಮೇಲೆ ಸಾಹುಕಾರರ ವಕೀಲರು ನನ್ನನ್ನು ಕೇಳಿದರು: "ನಿಮ್ಮ ತಂದೆ ಕುಡಿದು ಬಂದಿದ್ದನ್ನ ಕಣ್ಣಾರೆ ನೋಡೀರೇನು?"

"ನೋಡೇನ್ರಿ."

ಅಪ್ಪ ಬೆಂಚಿನ ತುದಿಯಲ್ಲಿ ಕೂತು ತಮ್ಮ ಉಗುರು ನೋಡಿಕೊಳ್ಳುತ್ತಿದ್ದರು. ಅವತ್ತು ನಡೆದು ಮನೆ ಹತ್ತಿರ ಬಂದಾಗ, "ಹಸಿವಾಗಿರಬೇಕು ನಿನಗ" ಎಂದರು.

ನ್ಯಾಯಾಧೀಶರು ನನ್ನ ಮಾತು ನಂಬಲಿಲ್ಲ. ಸಾಲ ವ್ಯಾಪಾರಕ್ಕೇ ಆದದ್ದೆಂದು ದಾವೆ ವಜಾ ಮಾಡಿದರು. ಮನೆ ಹರಾಜಾಯಿತು. ಆದರೆ ಕೋರ್ಟು ನಂಬದ್ದನ್ನು ಊರು ನಂಬಿತು. ನನ್ನ ತಂಗಿಗೆ ಗೊತ್ತುಮಾಡಿದ್ದ ಕೊಕ್ಕನೂರಿನ ಗಂಡಿನ ಕಡೆಯವರು ಬೇಡವೆಂದು ಹೇಳಿ ಕಳಿಸಿದರು. ಅಪ್ಪ ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದರು.

"ಅದೆಲ್ಲಾ ಮನೆ ಉಳಿಸಾಕ ವಕೀಲ್ರು ಬರ್ಸಿದ್ದು. ನಾನು ಅಂಥಾವನಲ್ರಿ" ಎಂದು ಹುಡುಗನ ತಂದೆಗೆ ಕೈಮುಗಿದರು.

ಆತ ನಿಧಾನವಾಗಿ ಕೇಳಿದ: "ಹಂಗಾರ ನಿಮ್ಮ ಮಗ ಸುಳ್ಳು ಪ್ರಮಾಣ ಮಾಡಿದ್ನೇನ್ರಿ?"

ಅಪ್ಪ ನನ್ನ ಮುಖ ನೋಡಿದರು. ಎದ್ದು ಚಪ್ಪಲಿ ಮೆಟ್ಟಿಕೊಂಡರು.

ನಾವು ಹರಿಹರದಲ್ಲಿ ಬಾಡಿಗೆ ಕೋಣೆ ಹಿಡಿದೆವು. ಒಮ್ಮೆ ಸಂತೆಯಲ್ಲಿ ಆ ವಕೀಲರು ಎದುರಾದರು. ತರಕಾರಿ ಚೀಲ ಹಿಡಿದ ಆಳು ಹಿಂದಿದ್ದ. ಅವರೇ ನಿಂತು, "ಅಪೀಲು ಹಾಕಬೌದಿತ್ತಲ್ರಿ ಯಜಮಾನ್ರೆ, ಯಾಕ ಸುಮ್ನಾದ್ರಿ?" ಎಂದರು.

ಅಪ್ಪ ಹೇಳಿದರು: "ನನ್ನ ಮ್ಯಾಲೆ ಬರಿಯಾಕ ಇನ್ನೇನು ಉಳಿದೈತ್ರಿ, ಸ್ವಾಮಿ?"