ಮುಳುಗುವ ಊರುಗಳ ಪಟ್ಟಿ

ಇಸಳೂರಿನಲ್ಲಿ ನನ್ನ ಹದಿನಾಲ್ಕು ಸೈಟುಗಳು ಎರಡು ವರ್ಷವಾದರೂ ಮಾರಾಟವಾಗಿರಲಿಲ್ಲ. ಅಷ್ಟರಲ್ಲಿ ಶಿರಸಿಯಲ್ಲಿ ಕರಾವಳಿ ದೇಶಗಳ ತಜ್ಞರ ಸಭೆ ಸೇರಿತು, ಸಮುದ್ರ ಏರಿದರೆ ಸರ್ಕಾರಗಳು ಏನು ಮಾಡಬೇಕೆಂದು. ಊಟದ ಗುತ್ತಿಗೆ ನನ್ನದು. ಘಟ್ಟದ ಕೆಳಗೆ ಯಾವ ಊರು ಮುಳುಗುತ್ತದೆಂದು ತಿಳಿದರೆ ಗಿರಾಕಿಗಳು ಸಿಕ್ಕ ಹಾಗೇ ಎಂದುಕೊಂಡೆ.

ಯಾವುದೋ ಪುಟ್ಟ ದ್ವೀಪದಿಂದ ಬಂದಿದ್ದ ತಜ್ಞೆಯೊಬ್ಬರ ಹತ್ತಿರ ಹರಕು ಇಂಗ್ಲಿಷಿನಲ್ಲಿ ಊರುಗಳ ಪಟ್ಟಿ ಕೇಳಿದೆ. ಯಾಕೆ ಎಂದರು.

"ಅವರಿಗೆ ಜಾಗ ಬೇಕಲ್ಲ. ಹದಿನಾಲ್ಕು ಮನೆಗಾಗುವಷ್ಟು ನನ್ನ ಹತ್ತಿರ ಇದೆ."

ಮರುದಿನ ಬೆಳಿಗ್ಗೆ ಅವರು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದೆಸಿದರು. "ನಮ್ಮ ದ್ವೀಪದವರಿಗೆ ಯಾವ ದೇಶವೂ ಜಾಗ ಕೊಡುತ್ತೇನೆ ಎಂದಿಲ್ಲ. ಈ ವ್ಯಾಪಾರಿ ಕೊಡುತ್ತಿದ್ದಾರೆ" ಎಂದು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ನಾನು ಆಡಿದ್ದು ಮಾರುವ ಮಾತು; ಆದರೂ ಕೈ ಮುಗಿದೆ.

ಕುಮಟೆ ಕಡೆಯಿಂದ ಕರೆಸಿದ್ದ ಮುದುಕ ಮೀನುಗಾರನೊಬ್ಬ ಪಕ್ಕದವರಿಂದ ವಿಷಯ ತಿಳಿದುಕೊಂಡು, ಕೂತಲ್ಲಿಂದಲೇ ಕೇಳಿದ: "ಗುಂಟೆಗೆ ಎಷ್ಟು, ಸಾಹುಕಾರ್ರೆ?"

ಕನ್ನಡ ಬಲ್ಲವರೆಲ್ಲ ನಕ್ಕರು. ಆ ತಜ್ಞೆ ನನ್ನನ್ನೇ ಕೇಳಿದರು, ಅವರು ಏನಂತಾರೆ ಎಂದು.

"ಯಾವಾಗ ಬರಲಿ ಅಂತ ಕೇಳ್ತಿದ್ದಾರೆ" ಎಂದೆ.

ಸೈಟು ಒಂದೂ ಹೋಗಲಿಲ್ಲ. ದಕ್ಕಿದ್ದು ಶಾಲು ಒಂದೇ. ಮಧ್ಯಾಹ್ನ ಆ ಮುದುಕನ ಎಲೆಗೆ ಬಡಿಸುವ ಮೊದಲು ಅದನ್ನೂ ಹೆಗಲಿಂದ ತೆಗೆದಿಟ್ಟೆ.