ಹಕ್ಕಿಗೆ ಜೋಡಿ ತಂದ ಬೇಸಿಗೆ

ನಮ್ಮ ಇಳಕಲ್ಲಿನಲ್ಲಿ ಅವುಗಳನ್ನು ಯಾರೂ ಗಿಣಿ ಎಂದು ಕರೆಯುವುದಿಲ್ಲ, ಲವ್ ಬರ್ಡ್ಸ್ ಅನ್ನುತ್ತಾರೆ. ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ಗಿಣಿಗಳು. ಗಂಡಿಗೆ ಕೊಕ್ಕಿನ ಮೇಲೆ ನೀಲಿ, ಹೆಣ್ಣಿಗೆ ಕಂದು, ಅಷ್ಟೇ ಗುರುತು. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಒಂದು ಜೋಡಿ ತಂದಿದ್ದರು. ಹೆದ್ದಾರಿಯಲ್ಲಿ ಅವರ ಬೈಕಿಗೆ ಗ್ರಾನೈಟ್ ಲಾರಿ ಬಡಿದು ಅವರು ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ. ಜೊತೆಗೆ ಬಟ್ಟೆಯ ಸೂಟ್‌ಕೇಸು ಮತ್ತು ಆ ಪಂಜರ ಬಂದವು.

ಅಪ್ಪ ನಿವೃತ್ತ ಮಾಸ್ತರು. ಬಸವ ಜಯಂತಿ ಬಂತೆಂದರೆ ಭಾಷಣಕ್ಕೆ ಅವರೇ ಬೇಕು. ಹೆಣ್ಣು ಗಂಡು ಭೇದವಿಲ್ಲ, ಸೂತಕವೆಲ್ಲ ಮನಸ್ಸಿನ ಹೊಲಸು ಎಂದು ಮೈಕಿನ ಮುಂದೆ ಗುಡುಗುವಾಗ ಮುಂದಿನ ಸಾಲಿನಲ್ಲಿ ಕೂತ ನನಗೆ ಕಣ್ಣು ತುಂಬುತ್ತಿತ್ತು. ಅಂಥ ಅಪ್ಪನಿದ್ದಾರೆಂಬ ಧೈರ್ಯದಿಂದಲೇ ಕಳೆದ ವರ್ಷ ಬಾಯಿಬಿಟ್ಟೆ. ಹುನಗುಂದದ ಶಾಲೆಯಲ್ಲಿ ನನ್ನ ಜೊತೆ ಕಲಿಸುವ, ಹೆಂಡತಿ ತೀರಿಕೊಂಡ ಮಾಸ್ತರೊಬ್ಬರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದ್ದರು. ನನಗೆ ಪೂರ್ಣ ಒಪ್ಪಿಗೆಯಿತ್ತು. ಅಪ್ಪ ಹೋಗಿ ಒಂದು ಮಾತು ಆಡಿಬರಬೇಕಿತ್ತು.

"ನೋಡೂಣವ್ವಾ, ಗಡಿಬಿಡಿ ಏನೈತಿ?" ಎಂದರು ಅಪ್ಪ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆಮೇಲೆ ನಾನು ಮಾತು ಎತ್ತಿದಾಗಲೆಲ್ಲ ಅಪ್ಪನಿಗೆ ಪೇಪರಿನಲ್ಲಿ ಭಾರೀ ಸುದ್ದಿಯೊಂದು ಸಿಗುತ್ತಿತ್ತು.

ಈ ಬೇಸಿಗೆಯಲ್ಲಿ ಗಂಡುಹಕ್ಕಿ ಸತ್ತಿತು. ಬೆಳಿಗ್ಗೆ ನೀರು ಬದಲಿಸಲು ಹೋದರೆ ಪಂಜರದ ತಳದಲ್ಲಿ ಅಂಗಾತ ಬಿದ್ದಿತ್ತು. ಹೆಣ್ಣುಹಕ್ಕಿ ಗರಿ ಉಬ್ಬಿಸಿಕೊಂಡು ಮೂಲೆ ಹಿಡಿಯಿತು, ನವಣೆಯನ್ನು ಮುಟ್ಟಲಿಲ್ಲ. ಮನೆಯವರೆಲ್ಲ ಹೌಹಾರಿದರು.

"ಒಂಟಿ ಆದ್ರ ಇವು ಉಳಿಯೂದಿಲ್ಲ. ಲಗೂನ ಒಂದು ಜೋಡಿ ತರ್ರಿ," ಎಂದು ಅವ್ವ ಅಪ್ಪನ ಬೆನ್ನುಹತ್ತಿದಳು. ಅಪ್ಪನ ಅಕ್ಕ, ನನ್ನ ಅತ್ತೆ, ಬಾದಾಮಿಯಿಂದ ಬಂದಿದ್ದರು. "ಪಾಪ, ಇನ್ನೂ ಹರೇದ ಹಕ್ಕಿ. ಇಡೀ ಆಯುಷ್ಯ ಒಂದ ಹೆಂಗ ಕಳೀಬೇಕು ಅದು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಅಲ್ಲೇ ಕೂತು ಪುಂಡಿಪಲ್ಯ ಸೋಸುತ್ತಿದ್ದೆ. ಬೇಕೆಂದೇ ಚುಚ್ಚಿದ್ದರೆ ತಿರುಗಿ ಅಂದುಬಿಡಬಹುದಿತ್ತು. ಆದರೆ ನಾನೊಬ್ಬಳು ಅಲ್ಲಿದ್ದೇನೆಂಬುದು ಅವರಿಗೆ ಹೊಳೆದೇ ಇರಲಿಲ್ಲ.

ಮೊಣಕಾಲು ನೋವಿನ ಅಪ್ಪ ಮರುದಿನವೇ ಕೆಂಡದಂಥ ಬಿಸಿಲಿನಲ್ಲಿ ಬಾಗಲಕೋಟೆಗೆ ಹೋಗಿ, ತೂತು ಹೊಡೆದ ರಟ್ಟಿನ ಡಬ್ಬಿಯಲ್ಲಿ ಹೊಸ ಗಂಡುಹಕ್ಕಿ ತಂದರು. ಹುನಗುಂದ ಅದಕ್ಕಿಂತ ಎಷ್ಟೋ ಹತ್ತಿರ. ಅಲ್ಲಿಗೆ ಮಾತ್ರ ಅವರಿಗೆ ವರ್ಷವಿಡೀ ಬಸ್ಸು ಸಿಕ್ಕಿರಲಿಲ್ಲ.

ಅತ್ತೆಗೆ ಹುಮ್ಮಸ್ಸು ಬಂತು. "ಹಂಗ ಸುಮ್ಮನ ಒಳಗ ಬಿಡ್ತಾರೇನು? ಅಕ್ಕಿಕಾಳು ಹಾಕೂಣ ತಡೀರಿ!" ಎಂದರು. ಪಕ್ಕದ ಮನೆಯ ಹೆಂಗಸರೂ ಬಂದರು. ಅರಿಷಿಣ ಕಲಸಿದ ಅಕ್ಕಿ, ಆರತಿ ತಟ್ಟೆ ಎಲ್ಲ ತಯಾರಾಯಿತು. ಹಕ್ಕಿಗಳ ಲಗ್ನ! ಬೀಗರು ಯಾರು, ಹೋಳಿಗೆ ಎಲ್ಲಿ ಎಂದು ನಗೆಯೋ ನಗೆ. ನಾನೂ ನಕ್ಕೆ. ಎಷ್ಟೋ ದಿನಗಳ ಮೇಲೆ ನನಗೆ ಖರೇನೇ ಖುಷಿಯಾಗಿತ್ತು. ಎಲ್ಲರ ಹಾಗೆ ನಾನೂ ತಟ್ಟೆಯಿಂದ ಒಂದು ಹಿಡಿ ಅಕ್ಕಿ ತೆಗೆದುಕೊಂಡೆ.

ಅತ್ತೆ ನನ್ನ ಮುಂಗೈ ಹಿಡಿದರು. ನೋವಾಗುವಂತಲ್ಲ, ಮೆಲ್ಲಗೆ.

"ನೀ ಬ್ಯಾಡವ್ವಾ. ನೀ ಸ್ವಲ್ಪ ಆಚೆ ನಿಂದ್ರು."

ನಗು ನಿಂತಿತು. ಅವ್ವ ಆರತಿಯ ಬತ್ತಿ ಸರಿಮಾಡತೊಡಗಿದಳು. ಅಪ್ಪ ಅಲ್ಲೇ ಕುರ್ಚಿಯಲ್ಲಿದ್ದರು. ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಹಿಡಿಯಲ್ಲಿದ್ದ ಅಕ್ಕಿಯನ್ನು ಮರಳಿ ತಟ್ಟೆಗೆ ಹಾಕಲು ಹೋದೆ, ಅತ್ತೆ ತಟ್ಟೆಯನ್ನೇ ಆಚೆ ಸರಿಸಿದರು. ಅಕ್ಕಿ ಹಿಡಿದುಕೊಂಡೇ ಹಿತ್ತಲಿಗೆ ಹೋದೆ. ಒಳಗಿನಿಂದ ಸೋಬಾನೆ ಕೇಳಿಸಿತು.

ಹೊಸ ಜೋಡಿ ಬೇಗ ಹೊಂದಿಕೊಂಡಿತು. ಒಂದು ಸಂಜೆ ಎರಡೂ ಕೊಕ್ಕಿನಿಂದ ತಲೆ ಸವರಿಕೊಳ್ಳುತ್ತಿದ್ದವು. ಅಪ್ಪ ಚಹಾ ಕುಡಿಯುತ್ತ ಸಂತೋಷದಿಂದ, "ನೋಡವ್ವಾ, ಹೆಂಗ ಚೇತರಿಸಿಕೊಂಡೈತಿ. ಜೀವಕ್ಕ ಜೋಡಿ ಬೇಕಾಗತೈತಿ," ಎಂದರು.

"ಅಪ್ಪಾ, ನಾಳೆ ಹುನಗುಂದಕ್ಕ ಬರ್ತೀರೇನು?" ಎಂದೆ.

ಕಪ್ಪು ಕೆಳಗಿಟ್ಟರು. ಎಲ್ಲ ಅರ್ಥವಾಗಿತ್ತು ಅವರಿಗೆ, ಮುಖ ನೋಡಿದರೇ ಗೊತ್ತಾಯಿತು. ಪಂಜರದ ಕಡೆ ನೋಡುತ್ತಲೇ ಹೇಳಿದರು, "ಅದು ಹಕ್ಕಿ ಐತೆವ್ವಾ. ಅದಕ್ಕ ಮಂದಿ ಏನೂ ಅನ್ನೂದಿಲ್ಲ."

ಮೈಕಿನ ಮುಂದಿನ ದನಿ ಅದಲ್ಲ. ಹೆದರಿದ ಮುದುಕನೊಬ್ಬನ ದನಿ. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಆ ಮಾಸ್ತರಿಗೆ ಈಗ ಬೇರೆ ಕಡೆ ನಿಶ್ಚಯವಾಗಿದೆ. ಹೆಣ್ಣುಹಕ್ಕಿ ಮೊಟ್ಟೆ ಇಟ್ಟಿದೆ ಎಂದು ಅವ್ವ ಓಣಿಗೆಲ್ಲ ಹೇಳಿಬಂದಿದ್ದಾಳೆ. ಬೆಳಿಗ್ಗೆ ಎದ್ದು ನವಣೆ ಹಾಕುವವಳು, ಪಂಜರದ ಹೊಲಸು ತೊಳೆಯುವವಳು ಮಾತ್ರ ನಾನೇ. ಅದಕ್ಕೆ ಈ ಕೈ ನಡೆಯುತ್ತದೆ.