ಶಂಖಕ್ಕೆ ಎಷ್ಟು ಪಡಿ ರಾಗಿ

ಶಂಖದ ಹೊಟ್ಟೆಯಲ್ಲಿ ಎಷ್ಟು ಗಾಳಿ ಹಿಡಿಯುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊದಮೊದಲು ಆ ಉರಿ ನಮ್ಮ ಬಾಸ್ ಮೇಲಿತ್ತು, ಆಮೇಲೆ ಒಬ್ಬ ಮುದುಕನ ಮೇಲೆ. ಈಗ ಯಾರ ಮೇಲೆ ಎಂದು ಪೂರ್ತಿ ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ನಾನು ಮದರಾಸಿನ ಶೋಳಿಂಗನಲ್ಲೂರಿನ ಒಂದು ಕಂಪನಿಯಲ್ಲಿ ಸ್ಪೀಕರ್ ಡಬ್ಬಿಗಳ ವಿನ್ಯಾಸ ಮಾಡುತ್ತೇನೆ. ಡಬ್ಬಿಯೊಳಗಿನ ಗಾಳಿ ಹೆಚ್ಚು ಕಡಿಮೆಯಾದರೆ ತಬಲಾದ ಎಡಗೈ ಪೆಟ್ಟು ತಗಡು ಬಡಿದ ಹಾಗೆ ಕೇಳುತ್ತದೆ. ಚೌಕ ಡಬ್ಬಿಯಾದರೆ ಉದ್ದ, ಅಗಲ, ಎತ್ತರ ಗುಣಿಸಿದರೆ ಮುಗಿಯಿತು. ಆದರೆ ಬಾಸ್‌ಗೆ ಚೌಕ ಬೇಡವಂತೆ, ಶಂಖದ ಆಕಾರ ಬೇಕಂತೆ. ಸರಿ, ಹದಿನೈದು ಲೀಟರ್ ಗಾಳಿ ಹಿಡಿಯುವ ಶಂಖವನ್ನು ಕಂಪ್ಯೂಟರಿನಲ್ಲಿ ಬರೆದುಕೊಟ್ಟೆ. ಫೈಬರ್‌ನಲ್ಲಿ ಅದನ್ನು ಮಾಡಿಕೊಟ್ಟವರು ರಾಯಪುರಂ ಕಡಲ ಬಳಿ ಶೆಡ್ ಇಟ್ಟುಕೊಂಡಿದ್ದ ಒಬ್ಬ ಹಿರಿಯರು. ನಲವತ್ತು ವರ್ಷ ಮೀನುಗಾರರ ದೋಣಿ ಮಾಡಿದ ಕೈ. ಒಂದು ಜೋಡಿ ಮಾದರಿ ಮಾಡಿ, ಒಂದನ್ನು ನಮಗೆ ಕಳಿಸಿ ಇನ್ನೊಂದನ್ನು ತಮ್ಮ ಬಳಿ ಇಟ್ಟುಕೊಂಡರು. ನಮಗೆ ಒಪ್ಪಿಗೆಯಾದರೆ ಮುಂದಿನ ಶಂಖಗಳೆಲ್ಲ ಅವರ ಶೆಡ್ಡಿನಲ್ಲೇ ಆಗಬೇಕಿತ್ತು. ದೋಣಿ ಕೆಲಸ ನಿಂತುಹೋಗಿದ್ದ ಅವರಿಗೆ ಉಳಿದಿದ್ದ ಕೆಲಸ ಅದೊಂದೇ.

ನಮ್ಮ ಶಂಖಕ್ಕೆ ಸ್ಪೀಕರ್ ಕೂರಿಸಿ ಹಾಡು ಹಾಕಿದರೆ ಗುಂಯ್ ಎಂದಿತು. ಮೀಟಿಂಗ್‌ನಲ್ಲಿ ಎಲ್ಲರೂ ನನ್ನ ಮುಖ ನೋಡಿದರು.

"ನಿಮ್ಮ ಲೆಕ್ಕವೇ ತಪ್ಪು ಮೇಡಂ," ಎಂದರು ಬಾಸ್.

"ಲೆಕ್ಕ ಸರಿಯಿದೆ. ಕೈಯಲ್ಲಿ ಬಳಿದ ಫೈಬರ್, ಒಳಗೆ ಎಷ್ಟು ದಪ್ಪ ಬಂದಿದೆಯೋ ಯಾರಿಗೆ ಗೊತ್ತು? ಒಳಗಿನ ಜಾಗ ಅಳೆಯಬೇಕು. ಎಲ್ಲ ಮೂಲೆಗೂ ಇಳಿಯುವ ಸಣ್ಣ ಕಾಳು ತುಂಬಿ ಅಳೆಯುತ್ತೇನೆ, ರಾಗಿ ತುಂಬಿ."

ಇಡೀ ಕೋಣೆ ನಕ್ಕಿತು. "ಅಳೆದಾದ ಮೇಲೆ ಅಂಬಲಿ ಕಾಯಿಸಿ ನಮಗೂ ಕೊಡ್ತೀರಾ?" ಎಂದು ಬಾಸ್ ಕೇಳಿದರು. ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿರುವವಳು ನಾನು! ಗಂಡಸರು ಅದನ್ನೇ ಪ್ಲಾಸ್ಟಿಕ್ ಗುಂಡು ತುಂಬಿ ಮಾಡಿದರೆ ಅದು ಪ್ರಯೋಗ, ನಾನು ರಾಗಿ ಎಂದರೆ ಅಡುಗೆಮನೆ. ಸಿಟ್ಟು ನೆತ್ತಿಗೇರಿತು. ಆಫೀಸಿನ ಕ್ಯಾಬ್‌ನಲ್ಲಿ ಶಂಖವನ್ನು ತೊಡೆಯ ಮೇಲಿಟ್ಟುಕೊಂಡು ಪಲ್ಲಾವರಂನ ಮನೆಗೆ ಬಂದೆ. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಿದ್ದೆ.

ಶನಿವಾರ ಬೆಳಿಗ್ಗೆ ನಡುಮನೆಯಲ್ಲಿ ಹಳೆ ಸೀರೆ ಹಾಸಿ, ಸ್ಪೀಕರ್ ಕಳಚಿದ ಶಂಖವನ್ನು ಬಾಯಿ ಮೇಲಾಗಿ ನಿಲ್ಲಿಸಿದೆ. ಅಳತೆಗೆ ನಮ್ಮತ್ತೆಯ ಹಿತ್ತಾಳೆ ಪಡಿ. ಅದಕ್ಕೆ ನೀರು ತುಂಬಿ ತೂಗಿ ನೋಡಿದ್ದೆ, ಸರಿಯಾಗಿ ಒಂದೂವರೆ ಲೀಟರ್ ಹಿಡಿಯುತ್ತಿತ್ತು. ಹಾಗಾಗಿ ಹತ್ತು ಪಡಿ ಹಿಡಿದರೆ ಶಂಖ ಸರಿ. ಅತ್ತೆ ಅಳೆದು ಸುರಿಯುವುದು, ನಾನು ಶಂಖದ ಮೈ ತಟ್ಟುತ್ತ ಕಾಳು ಕೂರಿಸಿ, ಪಡಿಗೊಂದು ಗೆರೆ ಎಳೆಯುವುದು ಎಂದು ಮಾತಾಯಿತು.

"ಗೋಪುರ ಬರೋ ಹಾಗೆ ಬೇಡ ಅಮ್ಮ. ಬಾಯಿಗೆ ಸರಿಯಾಗಿ ಕೈಯಿಂದ ಸವರಿಬಿಡಿ," ಎಂದೆ.

ನಮ್ಮತ್ತೆ ಹುಟ್ಟಿ ಬೆಳೆದದ್ದೆಲ್ಲ ಮದರಾಸಿನಲ್ಲೇ, ಅವರ ಕನ್ನಡವೇ ಬೇರೆ, ರೂಢಿಗೆ ಪಳಕ್ಕ, ಕೋಪಕ್ಕೆ ಕೋವ. "ಏಮ್ಮಾ, ಗೋಪುರ ಇಲ್ದೆ ಅಳೆಯೋದಾ? ನಮ್ಮ ಮನೇಲಿ ಆ ಪಳಕ್ಕವೇ ಇಲ್ಲೆ. ಯಾರಾದ್ರೂ ನೋಡಿದ್ರೆ ಏನು ನೆನಸ್ಕೋತಾರೆ?" ಎಂದು ಗೊಣಗುತ್ತಲೇ ಪಡಿ ಎತ್ತಿದರು.

ಅಷ್ಟರಲ್ಲಿ ಫೋನ್ ಬಂತು. ರಾಯಪುರಂನ ಹಿರಿಯರು, ಸ್ಪೀಕರ್ ಹೇಗೆ ಕೇಳಿಸಿತು ಎಂದು ವಿಚಾರಿಸಲು. ಒಳ್ಳೇ ಸಮಯಕ್ಕೆ ಸಿಕ್ಕಿದರು! ಇನ್ನೂ ಅಳತೆ ಶುರುವಾಗಿತ್ತಷ್ಟೇ, ನಾನಾಗಲೇ ತೀರ್ಪು ಕೊಟ್ಟಿದ್ದೆ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಶಂಖ ತಟ್ಟುತ್ತ, ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದು, ಬಾಯಿಗೆ ಬಂದ ಹಾಗೆ ಅಂದೆ.

"ಗೋಡೆ ಎಷ್ಟು ದಪ್ಪ ಹಾಕಿದ್ದೀರಿ?"

"ನಾಲ್ಕು ಮಿಲಿಮೀಟರ್ ಅಮ್ಮಾ, ನೀವು ಹೇಳಿದಷ್ಟೇ," ಎಂದರು ತಮಿಳಿನಲ್ಲಿ.

"ಸುಳ್ಳು! ಕೈಗೆ ಬಂದ ಹಾಗೆ ಬಳಿದಿದ್ದೀರಿ. ದೋಣಿ ಅಂದುಕೊಂಡಿದ್ದೀರಾ ಇದನ್ನ?"

"ದಪ್ಪ ಹಾಕಿದರೆ ನನ್ನ ರೆಸಿನ್ ಅಂಟು ತಾನೇ ಜಾಸ್ತಿ ಹೋಗೋದು? ನಾನು ಯಾಕಮ್ಮಾ ಹಾಕಲಿ?"

ಎಷ್ಟು ನ್ಯಾಯವಾದ ಮಾತು. ಅದು ನನ್ನ ಕಿವಿಗೆ ಹೋಗಲೇ ಇಲ್ಲ. ಅತ್ತೆಯ ಬಾಯಿಂದ ಮೂರು, ನಾಲ್ಕು ಎಂದು ಬಂದಾಗಲೆಲ್ಲ ಗೆರೆ ಎಳೆಯುತ್ತಿದ್ದೆ, ಇತ್ತ ಆ ಮನುಷ್ಯನಿಗೆ ಉಗಿಯುತ್ತಿದ್ದೆ. ರಾಗಿ ಶಂಖದ ಬಾಯಿಗೆ ಸಮ ಬಂತು. ಫೋನ್ ಇಟ್ಟು ಗೆರೆ ಎಣಿಸಿದೆ. ಒಂಬತ್ತು.

"ಹತ್ತಾಯ್ತಲ್ಲ," ಎಂದರು ಅತ್ತೆ.

"ಒಂಬತ್ತು ಅಮ್ಮ. ಇಲ್ಲಿ ಬರೆದಿದ್ದೀನಿ, ನೋಡಿ. ಲೆಕ್ಕ ನನಗೆ ಬಿಡಿ."

"ಶರಿ, ಅದಕ್ಕೆ ಎದಕ್ಕೆ ಇಷ್ಟು ಕೋವ?" ಎಂದು ಅವರು ಎದ್ದು ಒಳಗೆ ಹೋದರು.

ಒಂಬತ್ತು ಪಡಿ ಎಂದರೆ ಹದಿಮೂರೂವರೆ ಲೀಟರ್. ಒಂದೂವರೆ ಲೀಟರ್ ಗಾಳಿಯ ಜಾಗವನ್ನು ಆ ಮುದುಕ ಫೈಬರ್ ಬಳಿದು ನುಂಗಿದ್ದಾನೆ ಎಂದು ನನಗೆ ಎಂಥ ಖುಷಿ! ಹೌದು, ಖುಷಿಯೇ. ಅವತ್ತೇ ಬಾಸ್‌ಗೆ ಮೇಲ್ ಬರೆದೆ: ವಿನ್ಯಾಸ ಸರಿಯಿದೆ, ತಯಾರಿಸಿದವರ ಕೆಲಸ ನಂಬುವ ಹಾಗಿಲ್ಲ. ಸೋಮವಾರ ಬಾಸ್ ಆ ಹಿರಿಯರನ್ನು ಕೆಲಸದಿಂದ ಬಿಡಿಸಿ, ಶಂಖವನ್ನು ಇನ್ನೊಂದು ಕಡೆಗೆ ಕೊಡುವುದೆಂದು ಹೇಳಿದರು. ರಾಗಿ ಬಗ್ಗೆ ಆಮೇಲೆ ಯಾರೂ ತಮಾಷೆ ಮಾಡಲಿಲ್ಲ. ನಾನು ತಲೆಯೆತ್ತಿಕೊಂಡು ಓಡಾಡಿದೆ.

ಮುಂದಿನ ಶನಿವಾರ ಅತ್ತೆ ಅದೇ ರಾಗಿಯಲ್ಲಿ ಒಂದಿಷ್ಟನ್ನು ಮಿಲ್ಲಿಗೆ ಕಳಿಸಲು ಅಳೆಯುತ್ತ ಕೂತಿದ್ದರು. ನಾನು ಕಾಫಿ ಕುಡಿಯುತ್ತಿದ್ದೆ. ಮೊದಲ ಪಡಿಯನ್ನು ಈ ಸಲ ಗೋಪುರ ಬರುವಂತೆ ತುಂಬಿ, ಚೀಲಕ್ಕೆ ಸುರಿದು ಅವರು ಹೇಳಿದರು: "ಲಾಭ." ಎರಡನೆಯದಕ್ಕೆ "ಎರಡು." ಆಮೇಲೆ "ಮೂರು."

ಅಯ್ಯೋ!

ನಮ್ಮಜ್ಜಿ ಕೂಡ ಹಾಗೇ ಅಳೆಯುತ್ತಿದ್ದಳು. ಕಾಳು ಅಳೆಯುವಾಗ ಮೊದಲನೆಯದಕ್ಕೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ನಮ್ಮೂರಲ್ಲಿ ಇದು ಕೂಸಿಗೂ ಗೊತ್ತು, ನನಗೂ ಗೊತ್ತಿತ್ತು. ಅವತ್ತು ಅತ್ತೆ ಲಾಭ ಎಂದದ್ದು ನನ್ನ ಕಿವಿಗೂ ಬಿದ್ದಿತ್ತು. ಆದರೆ ಅರಚಾಡುತ್ತಿದ್ದವಳ ಪೆನ್ಸಿಲ್ ಅಂಕಿ ಕೇಳಿದಾಗ ಮಾತ್ರ ಓಡಿತ್ತು. ಎರಡು ಎಂದಾಗ ಮೊದಲ ಗೆರೆ ಎಳೆದಿದ್ದೆ.

ಸೀರೆ ಹಾಸಿ, ಮನೆಯಲ್ಲೇ ಉಳಿದಿದ್ದ ಶಂಖವನ್ನು ಮತ್ತೆ ಅಳೆದೆವು. ಫೋನ್ ಬೇರೆ ಕೋಣೆಯಲ್ಲಿತ್ತು. ಹತ್ತು ಪಡಿ. ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗಾದರೆ ಆ ಗುಂಯ್ ಎಲ್ಲಿಂದ ಬಂತು? ಶಂಖದ ಗಾಳಿ ಹೊರಬರುವ ಪೈಪನ್ನು ಕಳಚಿ ಅಳೆದರೆ ಒಂದು ಬೆರಳು ಗಿಡ್ಡ. ಆ ಪೈಪ್ ಕೊಯ್ದವಳು ನಾನೇ. ಒಂದೂವರೆ ಲೀಟರ್ ನುಂಗಬೇಕಾದರೆ ಗೋಡೆ ಎರಡರಷ್ಟು ದಪ್ಪವಿರಬೇಕು, ಹಾಗಿದ್ದಿದ್ದರೆ ಶಂಖದ ತೂಕವೂ ಎರಡರಷ್ಟಿರಬೇಕಿತ್ತು. ಕ್ಯಾಬ್‌ನಲ್ಲಿ ಒಂದು ಗಂಟೆ ತೊಡೆಯ ಮೇಲಿಟ್ಟುಕೊಂಡವಳಿಗೆ ಅಷ್ಟೂ ಹೊಳೆಯಲಿಲ್ಲವೇ? ದರಿದ್ರದ ತಲೆ!

"ನಾ ಹತ್ತು ಅಂದೆನಲ್ಲ," ಎಂದರು ಅತ್ತೆ. ಅಷ್ಟೇ ಅಂದದ್ದು. ಇನ್ನಷ್ಟು ಬೈದಿದ್ದರೆ ವಾಸಿಯಿತ್ತು.

ಬಾಸ್‌ಗೆ ಫೋನ್ ಮಾಡಿ, ತಪ್ಪು ನನ್ನದು, ಆ ಹಿರಿಯರ ಕೆಲಸ ಸರಿಯಿದೆ ಎಂದೆ. ಸೋಮವಾರ ಬೆಳಿಗ್ಗೆ ಹೊಸಬರು ಕೆಲಸ ಶುರು ಮಾಡುತ್ತಾರೆ, ಈಗ ಹೇಳಿದರೆ ಹೇಗೆ ಎಂದು ರೇಗಿದರು. ನಾನೂ ಬಿಡಲಿಲ್ಲ. "ಹೊಸಬರ ಶಂಖಕ್ಕೆ ನಾನು ಸಹಿ ಹಾಕೋದಿಲ್ಲ ಸರ್, ಯಾರ ಕೈಲಿ ಬೇಕಾದರೂ ಹಾಕಿಸಿಕೊಳ್ಳಿ," ಎಂದೆ. ಕೊನೆಗೆ ಅವರು, ಮಾಡಿದವರ ಎದುರಿಗೇ ಇನ್ನೊಮ್ಮೆ ಅಳೆದು, ಇಬ್ಬರೂ ಸಹಿ ಹಾಕಿದ ಲೆಕ್ಕ ಭಾನುವಾರ ಸಂಜೆಯೊಳಗೆ ಕಳಿಸಿದರೆ ಕೆಲಸ ವಾಪಸ್ ಕೊಡುತ್ತೇನೆ ಎಂದರು.

ಭಾನುವಾರ ಬೆಳಿಗ್ಗೆ ಶಂಖ, ಪಡಿ, ರಾಗಿ ಚೀಲ ಎಲ್ಲ ಟ್ಯಾಕ್ಸಿಗೆ ಹಾಕಿಕೊಂಡು ರಾಯಪುರಂಗೆ ಹೋದೆ. ಹೇಳಬೇಕಾದ ಮಾತನ್ನು ದಾರಿಯಲ್ಲಿ ಎಷ್ಟು ಸಲ ತಿದ್ದಿಕೊಂಡೆನೋ. ಶೆಡ್ಡಿನಲ್ಲಿ ಹಿರಿಯರು ಒಬ್ಬರೇ ಇದ್ದರು. ಅವರ ಮುಂದೆ ಮೇಜಿನ ಮೇಲೆ ಜೋಡಿಯ ಇನ್ನೊಂದು ಶಂಖ. ಅದನ್ನು ಗರಗಸದಿಂದ ಉದ್ದುದ್ದಕ್ಕೆ ಎರಡು ಹೋಳು ಮಾಡಿದ್ದರು.

ಗೋಡೆಯ ಅಂಚಿನುದ್ದಕ್ಕೂ ಪೆನ್ಸಿಲ್‌ನಲ್ಲಿ ಅಂಕಿಗಳಿದ್ದವು. ನಾಲ್ಕು, ನಾಲ್ಕು, ನಾಲ್ಕು. ಸುರುಳಿ ತಿರುಗುವ ಒಂದೇ ಒಂದು ಕಡೆ ನಾಲ್ಕೂವರೆ. ಅದಕ್ಕೆ ಸುತ್ತು ಹಾಕಿದ್ದರು.

"ನೀವು ಅಷ್ಟು ಹೇಳಿದ ಮೇಲೆ ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತಮ್ಮಾ," ಎಂದರು. "ಕೊಯ್ದು ನೋಡಿದೆ. ಈ ಒಂದು ಕಡೆ ಅರ್ಧ ಮಿಲಿಮೀಟರ್ ಹೆಚ್ಚಾಗಿದೆ. ಅದು ನನ್ನ ತಪ್ಪೇ."

ನನಗೆ ಅಳುವೂ ಬಂತು, ಕೋಪವೂ ಬಂತು. ಈ ಮನುಷ್ಯ ನನ್ನ ಮೇಲೆ ಒಂದು ಸಲವಾದರೂ ಕೂಗಬಾರದೇ? ದಾರಿಯಲ್ಲಿ ತಿದ್ದಿಕೊಂಡ ಮಾತೆಲ್ಲ ಮರೆತುಹೋಯಿತು. "ನಿಮ್ಮದೇನೂ ತಪ್ಪಿಲ್ಲ ಅಯ್ಯಾ. ಎಣಿಸಿದ್ದು ನಾನು, ಲಾಭಕ್ಕೆ ಗೆರೆ ಎಳೆಯದೆ ತಪ್ಪಿದ್ದು ನಾನು. ಪೈಪ್ ಗಿಡ್ಡ ಕೊಯ್ದವಳೂ ನಾನೇ. ನಿಮ್ಮನ್ನು ಸುಳ್ಳುಗಾರ ಅಂದೆ," ಎಂದೆ. ನನ್ನ ತಮಿಳು ಅಲ್ಲಲ್ಲಿ ಕನ್ನಡವಾಗುತ್ತಿತ್ತು. ಅವರು ಕೊಯ್ದ ಹೋಳುಗಳನ್ನು ಪಕ್ಕಕ್ಕೆ ಸರಿಸಿ, ಮೇಜು ಒರೆಸಿ, ನಾನು ತಂದ ಶಂಖವನ್ನು ಅಲ್ಲಿ ನಿಲ್ಲಿಸಿಕೊಂಡರು. ಪರವಾಗಿಲ್ಲ ಎಂದು ಹೇಳಲಿಲ್ಲ. ಹೇಳದೆ ಇದ್ದದ್ದೇ ಸರಿ.

ಅಳೆಯುವುದನ್ನು ಅವರಿಗೇ ಬಿಟ್ಟೆ. ಕಾಗದ ಪೆನ್ಸಿಲ್ ಹಿಡಿದು ಎದುರಿಗೆ ಸ್ಟೂಲ್ ಮೇಲೆ ಕೂತೆ. ಫೋನ್ ಆಫ್ ಮಾಡಿ ಚೀಲಕ್ಕೆ ಹಾಕಿದೆ. ಅವರು ಪಡಿ ತುಂಬಿ, ರೆಸಿನ್ ಕಲೆಗಟ್ಟಿದ ಅಂಗೈಯಿಂದ ಬಾಯಿ ಸವರಿ, ಶಂಖದೊಳಗೆ ಸುರಿದರು.

"ಲಾಬಂ," ಎಂದರು.

ಎರಡನೇ ಪಡಿಗೆ ಕೈ ಹಾಕದೆ ನನ್ನ ಪೆನ್ಸಿಲ್ಲನ್ನೇ ನೋಡುತ್ತ ಕಾದರು. ನಾನು ಗೆರೆ ಎಳೆದು ಕಾಗದವನ್ನು ಅವರಿಗೆ ತಿರುಗಿಸಿ ತೋರಿಸಿದೆ.